ನಮ್ಮ ಮನೇಲಿ ಹಳೇದು ಏನಿದೆ?



ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಒಂದು ಪ್ರದರ್ಶನ ನಡೆಯಿತು. 'ನಿಮ್ಮ ಮನೆಯ ಹಳೆಯ ವಸ್ತು ತನ್ನಿ, ಅದರ ಇತಿಹಾಸ ಹೇಳಿ' ಅಂತ ನೋಟೀಸು. ಬೆಳ್ಳಿ ಪನ್ನೀರುದಾನಿ ಬಂತು, ಹಿತ್ತಾಳೆ ದೀಪದ ಕಂಬ ಬಂತು, ತಾಳೆಗರಿ ಬಂತು, ಯಾರದೋ ಮುತ್ತಾತನ ಕತ್ತಿ ಬಂತು. ಹಾಸ್ಟೆಲಿನಿಂದ ಹೋದ ನಾವು ಬರಿಗೈಲಿ ಗೋಡೆಗೆ ಒರಗಿ ನಿಂತೆವು. 'ನಿಮ್ಮ ಕಡೆಯಿಂದ ಏನೂ ಇಲ್ವೇನ್ರಯ್ಯಾ?' ಅಂದರು ಮೇಷ್ಟ್ರು. ನಗುತ್ತಲೇ ಕೇಳಿದರು. ನಾವು ತಲೆ ತಗ್ಗಿಸಿದೆವು.

ಯಾಕೆ ತಗ್ಗಿಸಬೇಕಿತ್ತು? ಚಂಡಾಲನಿಗೆ ಒಡೆದ ಪಾತ್ರೆ, ಕಬ್ಬಿಣದ ಒಡವೆ, ಹೆಣದ ಬಟ್ಟೆ ಅಂತ ಬರೆದಿಟ್ಟದ್ದು ಮನುಸ್ಮೃತಿ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಅದನ್ನು ಸುಟ್ಟರು. ಸುಟ್ಟ ಮೇಲೂ ಅದು ಸಾಯಲಿಲ್ಲ. 1935ರಲ್ಲಿ ಗುಜರಾತಿನ ಝನು ಎಂಬ ಹಳ್ಳಿಯಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಕೊಡದಲ್ಲಿ ನೀರು ತಂದರು ಅಂತ ಅವರ ಮೇಲೆ ಬಿದ್ದು ಹೊಡೆದರು. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಇದನ್ನು ಬರೆದಿದ್ದಾರೆ, ಓದಿ. ಕೊಡ ಹೊತ್ತರೆ ಏಟು ಬೀಳೋ ದೇಶದಲ್ಲಿ ನಮ್ಮ ಅಟ್ಟದ ಮೇಲೆ ಪನ್ನೀರುದಾನಿ ಹುಡುಕುತ್ತಾರಂತೆ! ನಮ್ಮ ಗುಡಿಸಲಿಗೆ ಅಟ್ಟವೇ ಇರಲಿಲ್ಲ.

ನೂರು ವರ್ಷ ತುಂಬಿದರೆ ಪುರಾತನ ವಸ್ತು ಅಂತ 1972ರ ಕಾಯ್ದೆ ಹೇಳುತ್ತದೆ. ನಮ್ಮಜ್ಜಿಯ ರಾಗಿಕಲ್ಲಿಗೆ ಎಷ್ಟು ವರ್ಷ ಅಂತ ಯಾರಾದರೂ ಕೇಳಿದ್ದಾರಾ? ಅಪ್ಪನ ಉಳಿ, ರಂಪಿಗೆಗಳ ಹಿಡಿ ಮೂರು ತಲೆಮಾರಿನ ಬೆವರು ಕುಡಿದು ಕಪ್ಪಾಗಿದೆ. ಇರಲಿ, ಅದೇ ಬೇರೆ ಮಾತು.

ಮಾರನೇ ದಿನ ನಮ್ಮ ರೂಮಿನ ಹುಡುಗನೊಬ್ಬ ಊರಿಂದ ಒಂದು ಕಾಗದ ತಂದ. ಅವನಜ್ಜಿ ತಗಡಿನ ಟ್ರಂಕಿನಲ್ಲಿ, ಸೀರೆ ಮಡಿಕೆಯೊಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದು. ಮಡಿಚಿದ ಕಡೆಯೆಲ್ಲ ಹರಿದಿದೆ. ಮೇಷ್ಟ್ರು ನೋಡಿ 'ಇದು ಪ್ರದರ್ಶನಕ್ಕೆ ಬರಲ್ಲ ಕಣಪ್ಪ, ರೆವಿನ್ಯೂ ಕಾಗದ' ಅಂತ ವಾಪಸ್ ಕೊಟ್ಟರು. ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದೆವು. 1962ರ ಸಾಗುವಳಿ ಚೀಟಿ. ತಾತನ ಹೆಸರು, ಜಾತಿ, ಸರ್ವೆ ನಂಬರು, ಎರಡು ಎಕರೆ. ಕೆಳಗೆ ಷರತ್ತು: ಹದಿನೈದು ವರ್ಷ ಪರಭಾರೆ ಮಾಡಕೂಡದು. ತಾತ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದು 1971ರಲ್ಲಿ, ತಂಗಿಯ ಮದುವೆ ಸಾಲಕ್ಕೆ. ಲೆಕ್ಕ ಹಾಕಿ, ಒಂಬತ್ತೇ ವರ್ಷ! ಅಲ್ಲಿ ಈಗ ಊರಿನ ದೊಡ್ಡವರೊಬ್ಬರ ಕಬ್ಬು ನಿಂತಿದೆ. ಕೈಲಾಗುವ ತನಕ ಅಜ್ಜಿ ಅದೇ ಗದ್ದೆಗೆ ಕೂಲಿಗೆ ಹೋದಳು, ಸಂಜೆ ಬಂದು ಅದೇ ಟ್ರಂಕಿಗೆ ಬೀಗ ಹಾಕಿದಳು. ಓದು ಬಾರದ ಅಜ್ಜಿಗೆ ಆ ಕಾಗದದ ಬೆಲೆ ಗೊತ್ತಿತ್ತು. ಬಿ.ಎ. ಓದುವ ನಮಗೆ ಗೊತ್ತಿರಲಿಲ್ಲ.

ಷರತ್ತು ಮುರಿದು ಕೊಂಡರೆ ಆ ಕ್ರಯ ಅಸಿಂಧು ಅನ್ನುತ್ತದೆ 1978ರ ಕಾನೂನು, ಎಲ್ಲರ ಬಾಯಲ್ಲಿ ಪಿಟಿಸಿಎಲ್. ಕಾನೂನು ಬರುವ ಮುಂಚೆ ಕೊಂಡದ್ದಕ್ಕೂ ಇದು ಅನ್ವಯ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. 2017ರಲ್ಲಿ ಅದೇ ಕೋರ್ಟು, ತೀರ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಿತು. ತಡ ಮಾಡಿದ್ದು ಯಾರು ಸ್ವಾಮಿ? ಅಕ್ಷರವನ್ನೇ ತಡ ಮಾಡಿ ಕೊಟ್ಟವರು ಯಾರು? 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆದರೂ ಕೋರ್ಟಿನಲ್ಲಿ ತಡದ ಮಾತು ನಿಂತಿಲ್ಲ.

ಇನ್ನೊಂದು ಸಂಕಟ ಕೇಳಿ. ತೋಟಿ ಚಾಕರಿಗೆ ಬಂದ ಇನಾಂ ಜಮೀನು ಪಿಟಿಸಿಎಲ್ ಒಳಗೆ ಬರಲ್ಲ, ವಂಶಪಾರಂಪರ್ಯ ಹುದ್ದೆಯದ್ದು ಅಂತ ಹೊರಗಿಟ್ಟಿದ್ದಾರೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೇ ಬೇರೆ. ಊರ ಚಾಕರಿಯಲ್ಲಿ ಬೆನ್ನು ಬಗ್ಗಿಸಿ ಪಡೆದದ್ದಕ್ಕೆ ಕಾವಲು ಕಮ್ಮಿ!

ಈ ರಜಕ್ಕೆ ಊರಿಗೆ ಹೋದವರು ಟ್ರಂಕು, ಗೋಡೆಗೂಡು, ಪಟದ ಹಿಂದೆ ಎಲ್ಲಾ ಹುಡುಕಿ. ಯಾರಿಗೆ ಕೊಟ್ಟದ್ದು, ಯಾವ ವರ್ಷ, ಎಷ್ಟಕ್ಕೆ ಅಂತ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ, ಬರಕೊಳ್ಳಿ. ಸಾಗುವಳಿ ಚೀಟಿ ಬೇರೆ, ತೋಟಿ ಇನಾಂ ಕಾಗದ ಬೇರೆ ಇಡಿ. ಮೂಲ ಕಾಗದ ಯಾವ ಬ್ರೋಕರ್ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ಗೆದ್ದಲು ತಿಂದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತದ ನಕಲಿಗೆ ಅರ್ಜಿ ಹಾಕಿ. ಪಿಟಿಸಿಎಲ್ ಅರ್ಜಿ ಹೋಗಬೇಕಾದ್ದು ಉಪವಿಭಾಗಾಧಿಕಾರಿಗೆ.

ನಮ್ಮ ರೂಮಿನ ಹುಡುಗನ ಅಜ್ಜಿಯ ಅರ್ಜಿ ನಾವೇ ಬರೆದೆವು. ಹೆಬ್ಬೆಟ್ಟು ಒತ್ತುವ ಮುಂಚೆ ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡಳು.