ಅಂಗೈಯ ಮೇಲಿನ ಉಸಿರು

ಅಂಗೈಯನ್ನು ಮುಖದೆದುರು ಹಿಡಿದು, ಬಾಯನ್ನು ಅಗಲಿಸಿ ಉಸಿರು ಬಿಡಿರಿ, ಬೆಚ್ಚಗೆ ತೋರುವದು. ಇನ್ನು ತುಟಿಗಳನ್ನು ಕಿರಿದುಗೊಳಿಸಿ ಊದಿರಿ, ತಣ್ಣಗೆ ತೋರುವದು. ಕೂಸಿಗೆ ಹಾಲನ್ನು ಊದಿ ಆರಿಸುವ ತಾಯಂದಿರಿಗೆ ಇದು ಹೊಸತಲ್ಲ. ಆದರೆ ಇಷ್ಟರಿಂದಲೇ ಜಗತ್ತಿನ ಮೂಲದ್ರವ್ಯದ ಸ್ವಭಾವವನ್ನು ತರ್ಕಿಸಿದವನೊಬ್ಬನಿದ್ದನು. ಅವನೇ ಕ್ರಿ.ಪೂ. ಆರನೆಯ ಶತಮಾನದ ಗ್ರೀಕ ತತ್ತ್ವಜ್ಞಾನಿ, ಮಿಲೇಟಸ್ ಪಟ್ಟಣದ ಅನಾಕ್ಸಿಮಿನೀಸ್.

ಇವನ ಮತದಲ್ಲಿ ಸರ್ವಕ್ಕೂ ಮೂಲವು ವಾಯು. ಅದು ವಿರಳವಾದರೆ ಅಗ್ನಿ. ಸಾಂದ್ರವಾಗುತ್ತ ಹೋದಂತೆ ಬೀಸುಗಾಳಿ, ಮೋಡ, ನೀರು, ಮಣ್ಣು, ಕಡೆಗೆ ಕಲ್ಲು. ಸಾಂದ್ರವಾದದ್ದು ತಣ್ಣಗೆ, ವಿರಳವಾದದ್ದು ಬೆಚ್ಚಗೆ ಎಂಬುದಕ್ಕೆ ನಮ್ಮ ಉಸಿರೇ ಸಾಕ್ಷಿ ಎಂದನು. ಈ ಸಾಂದ್ರವಾಗುವಿಕೆಗೆ ಗ್ರೀಕರು ಬಳಸಿದ ಶಬ್ದವು ಉಣ್ಣೆಯನ್ನು ಒತ್ತಿ ದಟ್ಟಮಾಡುವ ಕಸುಬಿನದು. ನೂಲಿನೊಡನೆ ಬಾಳುವ ನಮ್ಮ ರಬಕವಿ-ಬನಹಟ್ಟಿಯವರು ಇದನ್ನು ಮೆಚ್ಚಿಯಾರು.

ಸಂಸ್ಕೃತವನ್ನೋದಿದವನಿಗೆ ಇಲ್ಲಿ ಛಾಂದೋಗ್ಯದ ರೈಕ್ವನು ನೆನಪಾಗದಿರನು. ಬಂಡಿಯ ಕೆಳಗೆ ಕುಳಿತು ಕಜ್ಜಿಯನ್ನು ಕೆರೆದುಕೊಳ್ಳುತ್ತಿದ್ದ ಆ ಮಹಾನುಭಾವನು ಜಾನಶ್ರುತಿಗೆ ಉಪದೇಶಿಸಿದ್ದು ಇದು: ಆರಿದ ಬೆಂಕಿ, ಮುಳುಗಿದ ಸೂರ್ಯಚಂದ್ರರು, ಬತ್ತಿದ ನೀರು, ಎಲ್ಲವೂ ವಾಯುವಿನಲ್ಲಿಯೇ ಲೀನ. ಇವರೀರ್ವರನ್ನು ಹತ್ತಿರ ಹತ್ತಿರ ಕೂಡ್ರಿಸಿ ನೋಡಿದವರು ನಮ್ಮ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ, ಮುಂದೆ ಗುರುದೇವರೆಂದು ಹೆಸರಾದ ಪ್ರೊ. ರಾ. ದ. ರಾನಡೆಯವರು. ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1926ರಲ್ಲಿ ಹೊರಬಂದಿತು.

ಇಂಥ ಸಾಮ್ಯ ಕಂಡೊಡನೆ “ಗ್ರೀಕರು ನಮ್ಮಿಂದಲೇ ಕಲಿತರು” ಎನ್ನುವವರು ಬಹಳ. ತರುಣನಿದ್ದಾಗ ನಾನೂ ವರ್ಗದಲ್ಲಿ ಹಾಗೆಯೇ ಸಾರಿದೆನು. ಒಬ್ಬ ಹುಡುಗನು ಎದ್ದು ಕೇಳಿದನು: “ಗುರುಗಳ, ಎಲ್ಲಾ ಗಾಳ್ಯಾಗ ಹೋಗತೈತಿ ಖರೆ; ಹೊರಗ ಹೆಂಗ ಬರತೈತ್ರಿ?” ನಾನು ನಿರುತ್ತರನಾದೆನು.

ರೈಕ್ವನ ನೋಟವು ಲಯದ ಕಡೆಗೆ. ಅಲ್ಲಿಂದ ಅವನು ಒಳಮುಖನಾಗಿ, ನಿದ್ರೆಯಲ್ಲಿ ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ಪ್ರಾಣವನ್ನು ಸೇರುವವೆಂದನು. ಗ್ರೀಕನೂ ನಮ್ಮ ಜೀವವು ವಾಯುವೆಂದೇ ಎಣಿಸಿದನು. ಆದರೆ ಒಂದು ಪದಾರ್ಥವು ಮತ್ತೊಂದಾಗುವ ಬಗೆಯನ್ನೂ ಹೇಳತೊಡಗಿದನು. ಗುಣದ ಭೇದವು ದಟ್ಟ-ತೆಳುಗಳ ಭೇದವೆಂಬ ಈ ಎಣಿಕೆಯ ಜಾಡಿನಲ್ಲಿಯೇ, ಆಕಾರ ಮತ್ತು ಜೋಡಣೆಗಳಿಂದ ಸಕಲವನ್ನೂ ವಿವರಿಸಿದ ಡೆಮೊಕ್ರಿಟಸನ ಪರಮಾಣುವಾದವನ್ನು ನಾನು ಕಾಣುತ್ತೇನೆ.

ಉಸಿರಿನ ಸಾಕ್ಷಿಯೇನೋ ನಿಲ್ಲಲಿಲ್ಲ. ಅಗಲಿಸಿದ ಬಾಯಿಂದ ಒಳಗಿನ ಬಿಸಿಗಾಳಿ ಬರುವದು, ತುಟಿ ಕಿರಿದಾಗಿಸಿ ಊದಿದಾಗ ಮುಂದಿರುವ ತಣ್ಣನೆಯ ಗಾಳಿಯು ತಳ್ಳಲ್ಪಡುವದು ಎಂದು ಅರಿಸ್ಟಾಟಲನು ಖಂಡಿಸಿದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಇಂದಿನ ಶಾಸ್ತ್ರವೂ ಇದಕ್ಕೆ ಸಮೀಪವೇ ಇದೆ.

ಮರುವಾರ ಆ ಹುಡುಗನಿಂದ ಈ ಊದುವ ಆಟವನ್ನು ಆಡಿಸಿದೆನು. ಅನಾಕ್ಸಿಮಿನೀಸನ ತರ್ಕವನ್ನಷ್ಟೇ ಹೇಳಿ, ಅರಿಸ್ಟಾಟಲನ ಮಾತನ್ನು ಬೇಕೆಂದೇ ಮುಚ್ಚಿಟ್ಟೆನು. ಅವನು ನಾಲ್ಕಾರು ಸಲ ಊದಿಕೊಂಡು, “ಗುರುಗಳ, ಸಣ್ಣಗ ಊದಿದರ ಹೊರಗಿನ ಗಾಳೀನೂ ಕೂಡತೈತ್ರಿ” ಎಂದನು.