ಮಾಟುಂಗಾದಲ್ಲಿ ನೋಡುವುದೇನಿದೆ?

ನಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆಯ ಹೊತ್ತು ಒಂದು ಕಲ್ಲುಬೆಂಚನ್ನು ನಾವು ನಾಲ್ವರು ಆಕ್ರಮಿಸಿಕೊಂಡಿರುತ್ತೇವೆಂಬುದು ಈ ಅಂಕಣವನ್ನು ಓದುವವರಿಗೆ ಹೊಸ ಸಂಗತಿಯಲ್ಲ. ಇಂಜಿನಿಯರ್ ರಾಯರು, ವಕೀಲರು, ಮೇಷ್ಟ್ರು ಮತ್ತು ನಾನು. ದೇಶದ ಸಮಸ್ತ ಸಮಸ್ಯೆಗಳನ್ನೂ ಆ ಬೆಂಚಿನ ಮೇಲೆಯೇ ಪರಿಹರಿಸಿ ಮನೆಗೆ ಮರಳುತ್ತಿದ್ದ ನಾವು, ಒಮ್ಮೆಯಾದರೂ ಊರು ಬಿಟ್ಟು ಹೊರಗೆ ಕಾಲಿಡಬೇಕೆಂದು ನಿರ್ಧರಿಸಿದ್ದು ಕಳೆದ ಮಾಘಮಾಸದಲ್ಲಿ. ಶನಿವಾರ, ಭಾನುವಾರ ಎರಡೇ ದಿನ. ಊರು ಮುಂಬಯಿ.

ಯೋಜನೆಯ ಹೊಣೆಯನ್ನು ಇಂಜಿನಿಯರ್ ರಾಯರು ವಹಿಸಿಕೊಂಡರು. ಸೇತುವೆ ಕಟ್ಟಿಸಿದ ಕೈ. ಗೆರೆ ಎಳೆದ ಹಾಳೆಯಲ್ಲಿ ನಾಲ್ಕು ಅಂಕಣಗಳು: ಸ್ಥಳ, ಆಗಮನ, ನಿರ್ಗಮನ, ನೋಡಿದ್ದು. ಕಾಫಿಗೂ ಹದಿನೈದು ನಿಮಿಷ ನಿಗದಿಯಾಗಿತ್ತು. ಹಾಳೆಯನ್ನು ಬೆಂಚಿನ ಮೇಲೆ ಹರಡಿ ಅವರು ಓದಿ ಹೇಳುತ್ತಿದ್ದಾಗ ಮೇಷ್ಟ್ರು ಮೆಲ್ಲನೆ, "ಮಾಟುಂಗಾ ಯಾವ ದಿನ ಬರುತ್ತದೆ?" ಎಂದರು.

"ಮಾಟುಂಗಾದಲ್ಲಿ ನೋಡುವುದೇನಿದೆ, ಮೇಷ್ಟ್ರೇ? ಇಡ್ಲಿಯೇ? ಅದಕ್ಕೆ ನಮ್ಮ ಗಾಂಧಿಬಜಾರು ಸಾಲದೇ?" ಎಂದರು ರಾಯರು. ನಾವೆಲ್ಲರೂ ನಕ್ಕೆವು. ಮೇಷ್ಟ್ರೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುವುದು ಮೇಲು.

ಗುರುವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸನ್ನೇರಿ, ಒಂದು ಅಹೋರಾತ್ರಿಯನ್ನು ಪುಳಿಯೋಗರೆ, ಚಟ್ನಿಪುಡಿ ಮತ್ತು ವಕೀಲರ ಗೊರಕೆಗಳೊಡನೆ ಕಳೆದು, ಶುಕ್ರವಾರ ಸಂಜೆ ಮುಂಬಯಿಯಲ್ಲಿ ಇಳಿದೆವು. ಇಳಿಯುವ ನಿಲ್ದಾಣವೇ ಅಲ್ಲಿ ಮೊದಲನೆಯ ನೋಟ. ವಿಕ್ಟೋರಿಯಾ ರಾಣಿ ಸಿಂಹಾಸನವೇರಿ ಐವತ್ತು ವರ್ಷ ತುಂಬಿದ 1887ರಲ್ಲಿ ಅವಳ ಹೆಸರನ್ನು ಪಡೆದ ಈ ಕಟ್ಟಡವನ್ನು ಕಲ್ಪಿಸಿದವನು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಈಗ ಅದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. 2004ರಿಂದ ವಿಶ್ವ ಪರಂಪರೆಯ ತಾಣ. ಹೆಬ್ಬಾಗಿಲ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕುಳಿತಿವೆ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಎರಡೂ ಒಂದೇ ಎತ್ತರದಲ್ಲಿ ಕುಳಿತಿರುವುದನ್ನು ಕಂಡು, "ಕಲ್ಲಿನಲ್ಲಾದರೂ ಸಮಾನತೆ ಕೊಟ್ಟರಲ್ಲ!" ಎಂದರು ವಕೀಲರು. ಇದಕ್ಕೆ ಸಮೀಪದ ಬೋರಿ ಬಂದರಿನಿಂದಲೇ 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತು.

ಶನಿವಾರ ಹಾಳೆಯ ಪ್ರಕಾರವೇ ನಡೆಯಿತು. ಫೋರ್ಟ್ ಎಂಬ ಭಾಗದಲ್ಲಿ ಈಗ ಕೋಟೆಯಿಲ್ಲ. ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿದರು, ಹೆಸರನ್ನು ಮಾತ್ರ ಉಳಿಸಿಕೊಂಡರು. ರಾಜಾಬಾಯಿ ಗೋಪುರದ ಎದುರು ರಾಯರು ಹದಿನೆಂಟು ನಿಮಿಷ ಕೊಟ್ಟಿದ್ದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಮುಗಿಲಿಗೇರಿದಾಗ ಹಣದ ಹೊಳೆಯಲ್ಲಿ ಮಿಂದ ಪ್ರೇಮಚಂದ್ ರಾಯಚಂದ್ ಎಂಬ ವ್ಯಾಪಾರಿ ತನ್ನ ತಾಯಿಯ ಹೆಸರಿನಲ್ಲಿ ನಿಲ್ಲಿಸಿದ ಗಡಿಯಾರದ ಗೋಪುರ ಇದು. ಯುದ್ಧ 1865ರಲ್ಲಿ ಮುಗಿಯಿತು, ಹತ್ತಿ ಬಿದ್ದಿತು, ಆತನೂ ಬಿದ್ದ. ಗೋಪುರ 1878ರಲ್ಲಿ ಎದ್ದು ನಿಂತಿತು. ಕಣ್ಣು ಕಾಣದ ಆ ತಾಯಿಗೆ ಸೂರ್ಯಾಸ್ತದ ಮುನ್ನ ಊಟ ಮುಗಿಸಲು ವೇಳೆ ತಿಳಿಯಲೆಂದು ಗಂಟೆ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಈ ಮಾತನ್ನು ಕೇಳಿ ಮೇಷ್ಟ್ರು ಬಹಳ ಹೊತ್ತು ತಲೆಯೆತ್ತಿ ನಿಂತರು. "ಐದು ನಿಮಿಷ ಹೆಚ್ಚಾಯಿತು," ಎಂದು ರಾಯರು ಗುರುತು ಹಾಕಿಕೊಂಡರು.

ವಸ್ತುಸಂಗ್ರಹಾಲಯದ ಗುಮ್ಮಟ ನಮ್ಮನ್ನು ಹಿಗ್ಗಿಸಿತು. ಅದನ್ನು ಕಟ್ಟಿಸಿದ ಜಾರ್ಜ್ ವಿಟೆಟ್ ನಮ್ಮ ವಿಜಾಪುರದ ಗೋಳಗುಮ್ಮಟದಿಂದ ಪ್ರೇರಣೆ ಪಡೆದವನು. ಸಮುದ್ರದ ಅಂಚಿನ ಗೇಟ್‌ವೇ ಆಫ್ ಇಂಡಿಯಾ ಕೂಡ ಅವನದೇ ಕಲ್ಪನೆ. ಐದನೆಯ ಜಾರ್ಜ್ ದೊರೆ 1911ರಲ್ಲಿ ಬಂದಿಳಿದುದರ ನೆನಪಿಗೆ ಕಟ್ಟಿದ ಈ ದ್ವಾರ ಪೂರ್ಣವಾದುದು 1924ರಲ್ಲಿ! ದೊರೆಗಾಗಿ ಎದ್ದ ಬಾಗಿಲಿನಿಂದ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಹೊರಬಿದ್ದಿತು. ಬಾಗಿಲು ಎರಡು ಕಡೆಗೂ ತೆರೆಯುತ್ತದೆಂಬುದನ್ನು ಕಟ್ಟಿಸಿದವರು ಯೋಚಿಸಿರಲಿಲ್ಲವೇನೋ.

ರಾತ್ರಿ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತಾಗ ದೀಪಗಳ ಸಾಲು ಬಾಗಿ ಹೋಗಿತ್ತು. ಕಾಲು ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು. ರಾಯರು ಮಾರನೆಯ ದಿನದ ಸಾಲನ್ನು ಓದಿದರು: ಬೆಳಗಿನ ಮೊದಲ ಲಾಂಚಿನಲ್ಲಿ ಎಲಿಫೆಂಟಾ. ಸೋಮವಾರ ಗುಹೆಗಳಿಗೆ ರಜೆ, ಅಂದು ಬೆಳಿಗ್ಗೆಯೇ ನಮ್ಮ ರೈಲೂ ಹೊರಡುತ್ತದೆ. ಆದುದರಿಂದ ಭಾನುವಾರ ತಪ್ಪಿದರೆ ತಪ್ಪಿದಂತೆಯೇ.

"ನೀವು ಮೂವರು ಹೋಗಿಬನ್ನಿ. ನಾನು ಮಾಟುಂಗಾಕ್ಕೆ ಹೋಗುತ್ತೇನೆ," ಎಂದರು ಮೇಷ್ಟ್ರು.

ರಾಯರಿಗೆ ಸಿಟ್ಟು ಬಂದಿತು. ನಾಲ್ವರು ಬಂದದ್ದು ನಾಲ್ಕು ದಿಕ್ಕಿಗೆ ಹೋಗುವುದಕ್ಕೇ? ಲಾಂಚಿನ ಲೆಕ್ಕ, ಹೊತ್ತಿನ ಲೆಕ್ಕ ಏನಾಗಬೇಕು? ಮಾತು ಬೆಳೆಯಿತು. ಅಷ್ಟರಲ್ಲಿ ಮೇಷ್ಟ್ರು ಸಮುದ್ರದ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ನಮ್ಮ ತಂದೆ 1951ರಲ್ಲಿ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದರು. ಹನ್ನೆರಡು ವರ್ಷ ವಯಸ್ಸು. ಮಾಟುಂಗಾದ ಒಂದು ಹೋಟೆಲಿನಲ್ಲಿ ಎಂಟು ವರ್ಷ ಲೋಟ ತಟ್ಟೆ ತೊಳೆದರು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕನ್ನಡದ ರಾತ್ರಿಶಾಲೆ; ನಿದ್ದೆ ಅದೇ ಹೋಟೆಲಿನ ಬೆಂಚಿನ ಮೇಲೆ. ಅವರು ಕಲಿತ ಆ ನಾಲ್ಕಕ್ಷರದ ಬಲದಿಂದಲೇ ನಾನು ಮೇಷ್ಟ್ರಾದದ್ದು. ಆದರೆ ಕಾಲೇಜಿನಲ್ಲಿ ಯಾರಾದರೂ ಕೇಳಿದರೆ, ತಂದೆಗೆ ಬೊಂಬಾಯಿಯಲ್ಲಿ ವ್ಯಾಪಾರವಿತ್ತು ಎನ್ನುತ್ತಿದ್ದೆ. ಒಂದು ದಿನ ಅವರ ಎದುರಿನಲ್ಲಿಯೇ ಹಾಗೆ ಹೇಳಿದೆ. ಅವರು ಸುಮ್ಮನೆ ತಲೆಯಾಡಿಸಿದರು. ಹೋದ ವರ್ಷ ತೀರಿಕೊಂಡರು."

ಅಲೆ ಬಂದು ಕಲ್ಲಿಗೆ ಬಡಿಯಿತು. ವಕೀಲರು ಬಾಯಿ ತೆರೆಯಲಿಲ್ಲ, ಅದು ಅಪರೂಪ. ರಾಯರು ಹಾಳೆಯನ್ನು ಮಡಿಸಿ ಜೇಬಿಗಿಟ್ಟು, "ಮೊದಲ ಲಾಂಚೇ ಆಗಬೇಕೆಂದೇನಿಲ್ಲ. ಆದರೆ ಭಾನುವಾರ ಹಗಲು ಹಳಿಯ ದುರಸ್ತಿಗೆಂದು ರೈಲುಗಳನ್ನು ತಡೆಯುತ್ತಾರೆ. ಆರಕ್ಕೆಲ್ಲ ಎದ್ದು ಹೊರಡಬೇಕು," ಎಂದರು.

ಭಾನುವಾರ ಬೆಳಗಿನ ಲೋಕಲ್ ರೈಲಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕಿತೆಂದರೆ ಮುಂಬಯಿಯವರು ನಂಬುತ್ತಾರೆ, ಉಳಿದವರು ನಂಬಲಾರರು. ಮಸ್ಜಿದ್, ಭಾಯಖಳಾ, ಪರೇಲ್, ದಾದರ್ ದಾಟಿ ಮಾಟುಂಗಾದಲ್ಲಿ ಇಳಿದೆವು. ಬೀದಿಯ ಒಂದು ಬದಿಯಲ್ಲಿ ಮಲ್ಲಿಗೆ, ಬಾಳೆಯೆಲೆ, ತುಳಸಿ. ಮೂಗಿಗೆ ಫಿಲ್ಟರ್ ಕಾಫಿಯ ವಾಸನೆ. ಕಿವಿಗೆ ತಮಿಳು, ಕನ್ನಡ, ತುಳು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನ ಮನೆಯೂ ಈ ಬಡಾವಣೆಯಲ್ಲಿಯೇ ಇದೆ. ಮೇಷ್ಟ್ರ ತಂದೆ ಹೇಳುತ್ತಿದ್ದ ಟ್ರಾಮಿನ ಗಂಟೆ ಮಾತ್ರ ಇಲ್ಲ. 1964ರ ಮಾರ್ಚ್ 31ರಂದು ಮುಂಬಯಿಯ ಟ್ರಾಮುಗಳು ನಿಂತವು.

ಹಳೆಯ ಕಾರ್ಡೊಂದರಲ್ಲಿದ್ದ ವಿಳಾಸವನ್ನು ಹಿಡಿದು ಹುಡುಕಿದೆವು. ಹೋಟೆಲು ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಫೋನುಗಳ ಅಂಗಡಿ. ಬಾಗಿಲು ಇನ್ನೂ ತೆರೆದಿರಲಿಲ್ಲ. ಮೇಷ್ಟ್ರು ಕಬ್ಬಿಣದ ಶಟರನ್ನು ನೋಡುತ್ತ ನಿಂತರು. ನೋಡಲು ಅಲ್ಲಿ ಏನೂ ಇರಲಿಲ್ಲ. ರಾಯರು ಮೊದಲೇ ಹೇಳಿದ್ದರಲ್ಲ! ಆದರೆ ಈ ಸಲ ರಾಯರು ಗಡಿಯಾರವನ್ನು ನೋಡಲಿಲ್ಲ.

ಕೊನೆಗೆ ಹತ್ತಿರದ ಇನ್ನೊಂದು ಹೋಟೆಲನ್ನು ಹೊಕ್ಕೆವು. ಗಲ್ಲಾದ ಮೇಲೆ ಕುಳಿತಿದ್ದ ವೃದ್ಧರು ನಮ್ಮ ಕನ್ನಡವನ್ನು ಕೇಳಿ, "ಯಾವ ಊರಿನವರು?" ಎಂದು ವಿಚಾರಿಸಿದರು. ಮೇಷ್ಟ್ರು ಆ ಹಳೆಯ ಹೋಟೆಲಿನ ಹೆಸರು ಹೇಳಿದರು. ವೃದ್ಧರಿಗೆ ಹೋಟೆಲಿನ ನೆನಪಿತ್ತು, ಹುಡುಗರ ನೆನಪಿರಲಿಲ್ಲ. "ಎಷ್ಟು ಹುಡುಗರು ಬಂದರು, ಎಷ್ಟು ಹುಡುಗರು ಹೋದರು! ಯಾರೆಂದು ನೆನಪಿಡುವುದು? ನಾನೂ ಅವರಲ್ಲೊಬ್ಬ," ಎಂದರು. ಮೇಷ್ಟ್ರು, "ನಮ್ಮ ತಂದೆ ಅಲ್ಲಿ ತಟ್ಟೆ ತೊಳೆಯುತ್ತಿದ್ದರು," ಎಂದರು. ಅಕ್ಕಪಕ್ಕದ ಮೇಜಿನವರಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಹೇಳಿದರು.

ತಿಂಡಿ ಮುಗಿದೊಡನೆ ಅವರು ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಒಳಗೆ ಹೊರಟುಬಿಟ್ಟರು. ಎದುರಾದ ಹುಡುಗ ಗಾಬರಿಯಾಗಿ ಅದನ್ನು ಕಸಿದುಕೊಂಡ. ಅವನದು ಬಿಹಾರವಂತೆ, ಕನ್ನಡ ಬಾರದು. ಮೇಷ್ಟ್ರು ತಮ್ಮ ಹರಕು ಹಿಂದಿಯಲ್ಲಿ, ರಾತ್ರಿ ಓದುತ್ತೀಯಾ ಎಂದು ಕೇಳಿದರು. ಹುಡುಗ ನಕ್ಕು, ಫೋನಿನಲ್ಲಿ ಸಿನಿಮಾ ನೋಡುತ್ತೇನೆ ಎಂದ. ಅವನ ಪ್ರಾಮಾಣಿಕತೆಗೆ ನಾವೆಲ್ಲ ನಗಬೇಕಾಯಿತು.

ಎಲಿಫೆಂಟಾ ತಪ್ಪಲಿಲ್ಲ. ಹನ್ನೆರಡರ ಲಾಂಚಿನಲ್ಲಿ ಹೊರಟು, ಕಡಲಹಕ್ಕಿಗಳ ಮೆರವಣಿಗೆಯೊಡನೆ ಒಂದು ಗಂಟೆಯ ಮೇಲೆ ದ್ವೀಪವನ್ನು ಮುಟ್ಟಿದೆವು. ನೂರಿಪ್ಪತ್ತು ಮೆಟ್ಟಿಲು. ವಕೀಲರು ಡೋಲಿಯಲ್ಲಿ ಕುಳಿತು ಏರಿದರು. ಅವರ ತೂಕವನ್ನು ಬಲ್ಲ ನಮಗೆ ಹೊರುವವರ ಮೇಲೆ ಕನಿಕರ. ಒಳಗೆ, ಅರೆಗತ್ತಲೆಯಲ್ಲಿ, ಸುಮಾರು ಹದಿನೆಂಟು ಅಡಿಯ ಮಹೇಶಮೂರ್ತಿ. ನಡುವಿನ ಮುಖದಲ್ಲಿ ಶಾಂತಿ, ಒಂದು ಪಕ್ಕದಲ್ಲಿ ರೌದ್ರ, ಇನ್ನೊಂದು ಪಕ್ಕದಲ್ಲಿ ಲಾವಣ್ಯ. ಆರನೆಯ ಶತಮಾನದ ಆ ಕಲ್ಲಿನೆದುರು ನಮ್ಮ ಹರಟೆ ತಾನಾಗಿ ನಿಂತಿತು. ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿದನೆಂದು ಐಹೊಳೆಯ ಶಾಸನ ಹೇಳುವ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಮತ. ಅದನ್ನು ಮೇಷ್ಟ್ರು ವಿವರಿಸತೊಡಗಿದಾಗ ಬೇರೆ ಪ್ರವಾಸಿಗರೂ ಸುತ್ತ ಸೇರಿದರು. ನಲವತ್ತು ವರ್ಷ ಪಾಠ ಹೇಳಿದ ಕಂಠ. ಗುಹೆಯಲ್ಲಿ ಚೆನ್ನಾಗಿ ಮೊಳಗಿತು.

ಸೋಮವಾರ ರೈಲು ಕಲ್ಯಾಣ ದಾಟಿದ ಮೇಲೆ ರಾಯರು ಹಾಳೆಯನ್ನು ತೆಗೆದು ಲೆಕ್ಕ ಪೂರ್ತಿಮಾಡಲು ಕುಳಿತರು. ಎಲಿಫೆಂಟಾದ ಸಾಲಿಗೂ ಶನಿವಾರದ ಸಾಲಿಗೂ ನಡುವೆ ಪೆನ್ಸಿಲಿನಲ್ಲಿ ಹೊಸದೊಂದು ಸಾಲು ಸೇರಿತ್ತು: ಮಾಟುಂಗಾ, ಆಗಮನ 7-10, ನಿರ್ಗಮನ 9-35. 'ನೋಡಿದ್ದು' ಎಂಬಲ್ಲಿ ಖಾಲಿ. "ಇದನ್ನು ನೀವೇ ತುಂಬಬೇಕು," ಎಂದು ಹಾಳೆಯನ್ನೂ ಪೆನ್ಸಿಲನ್ನೂ ಮೇಷ್ಟ್ರ ಕೈಗಿತ್ತರು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದರು. ಘಾಟಿಯ ಒಂದು ಸುರಂಗ ಬಂದು ಹೋಯಿತು. ಬಳಿಕ ಗುಂಡಾದ ಅಕ್ಷರಗಳಲ್ಲಿ, "ಇಡ್ಲಿ, ಎರಡು ತಟ್ಟೆ" ಎಂದು ಬರೆದು, ಹಾಳೆಯನ್ನು ಹಿಂದಕ್ಕೆ ಕೊಟ್ಟರು.