ಬಟನ್ ಸೆಲ್ಲೂ ಪ್ರಯೋಗಶಾಲೆಯ ಲೆಕ್ಕವೂ

ಮೈಕ್ರೋಕಂಟ್ರೋಲರ್ ಎಂಬ ಬೆರಳುಗಾತ್ರದ ಗಣಕದಿಂದ ಉಪಕರಣ ಕಟ್ಟುವ ಅಭ್ಯಾಸ ಶಾಲೆಗಳಿಗೆ ಈಗ ಹೊಸದಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆ ಅದನ್ನು ಹಳ್ಳಿಯ ಶಾಲೆಗಳಿಗೂ ತಲಪಿಸಿತು. ದಾನಿಗಳ ಔದಾರ್ಯವೂ ಈ ದಿಕ್ಕಿಗೆ ಹರಿಯುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಉಪಕರಣವು ಗೋಡೆಯ ಪ್ಲಗ್ಗಿಗೋ ಕಂಪ್ಯೂಟರಿನ ತಂತಿಗೋ ಕಟ್ಟುಬಿದ್ದಿರುವಷ್ಟು ಕಾಲ, ಅದಕ್ಕೆ ಬೇಕಾದ ವಿದ್ಯುತ್ತು ಎಷ್ಟೆಂಬ ಪ್ರಶ್ನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಹುಟ್ಟುವುದೇ ಇಲ್ಲ. ಅದೇ ಉಪಕರಣವನ್ನು ಒಂದು ಬಟನ್ ಸೆಲ್ಲಿನಿಂದ ನಡೆಸಬೇಕೆಂದು ವಿಧಿಸಿದರೆ ಪಾಠದ ಸ್ವರೂಪವೇ ಬದಲಾಗುವುದು.

ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಸಿಆರ್ 2032 ಸೆಲ್ಲನ್ನೇ ತೆಗೆದುಕೊಳ್ಳಬಹುದು. ಅದರ ಹೆಸರಿನಲ್ಲಿಯೇ ಅಳತೆ ಅಡಗಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಒತ್ತಡ 3 ವೋಲ್ಟ್. ಒಳಗಿನ ಸಂಗ್ರಹ ಸುಮಾರು 220 ಮಿಲಿಆಂಪಿಯರ್-ಗಂಟೆ. ಶಾಲೆಗಳಿಗೆ ಪರಿಚಿತವಾದ ಆರ್ಡುಯಿನೊ ಊನೊ ಫಲಕವು ಇದಕ್ಕೆ ಹೊಂದದು. ಅದಕ್ಕೆ 5 ವೋಲ್ಟ್ ಬೇಕು. ಸುಮ್ಮನೆ ಕುಳಿತಾಗಲೂ ಅದು ಹತ್ತಾರು ಮಿಲಿಆಂಪಿಯರ್ ಹೀರುತ್ತದೆ. ಫಲಕವನ್ನು ಬಿಟ್ಟು ಅದರ ಎಟಿಮೆಗಾ 328ಪಿ ಚಿಪ್ಪನ್ನಷ್ಟೇ ಬಳಸಿ, ವೇಗವನ್ನು ತಗ್ಗಿಸಿದರೆ ಅದು 1.8 ವೋಲ್ಟಿನಲ್ಲಿಯೂ ದುಡಿಯಬಲ್ಲದು.

ಇನ್ನು ಲೆಕ್ಕ. ಎಚ್ಚರವಾಗಿರುವಾಗ 5 ಮಿಲಿಆಂಪಿಯರ್ ಬಳಸುವ ಒಂದು ಉಷ್ಣತಾಮಾಪಕವಿದೆಯೆಂದುಕೊಳ್ಳೋಣ. ಅದು ಸದಾ ಎಚ್ಚರವಿದ್ದರೆ ಸೆಲ್ಲು 44 ಗಂಟೆಗಳಲ್ಲಿ, ಎಂದರೆ ಎರಡು ದಿನ ತುಂಬುವ ಮೊದಲೇ, ಬರಿದಾಗುವುದು. ನಿಮಿಷಕ್ಕೊಮ್ಮೆ ಸೆಕೆಂಡಿನ ನೂರರಲ್ಲೊಂದು ಭಾಗ ಮಾತ್ರ ಎಚ್ಚೆತ್ತು, ಉಳಿದ ಹೊತ್ತು 5 ಮೈಕ್ರೋಆಂಪಿಯರ್‌ನಲ್ಲಿ ನಿದ್ರಿಸಿದರೆ ಸರಾಸರಿ ಬಳಕೆ 6 ಮೈಕ್ರೋಆಂಪಿಯರ್ ಆಗುತ್ತದೆ. ಸೆಲ್ಲಿನ ಆಯುಸ್ಸು ಕಾಗದದ ಮೇಲೆ ನಾಲ್ಕು ವರ್ಷ ದಾಟುತ್ತದೆ. ಉಪಕರಣದ ಕೆಲಸ ಒಂದೇ, ಸೆಲ್ಲೂ ಒಂದೇ. ಬದಲಾದದ್ದು ವಿದ್ಯಾರ್ಥಿ ಬರೆದ ಆಜ್ಞಾವಳಿ ಮಾತ್ರ. ಭಾಗಾಕಾರದ ಮಹತ್ತ್ವವನ್ನು ಇದಕ್ಕಿಂತ ಪ್ರತ್ಯಕ್ಷವಾಗಿ ತೋರಿಸುವ ಪ್ರಯೋಗ ವಿರಳ.

ಕಾಗದದ ಲೆಕ್ಕ ನಿಜದಲ್ಲಿ ತಪ್ಪುವುದುಂಟು. ಶಿಕ್ಷಕನ ಅಗತ್ಯ ಇರುವುದೂ ಅಲ್ಲಿಯೇ. ಸೆಲ್ಲಿಗೆ ಒಳರೋಧವಿದೆ, ಸೆಲ್ಲು ಸವೆದಂತೆ ಅದು ಏರುತ್ತದೆ. ಸವೆದ ಸೆಲ್ಲನ್ನು ಮಲ್ಟಿಮೀಟರಿಗೆ ಹಿಡಿದರೆ ಮುಳ್ಳು ಮೂರು ವೋಲ್ಟಿನ ಹತ್ತಿರವೇ ನಿಲ್ಲಬಹುದು. ರೇಡಿಯೊ ಸಂದೇಶ ಕಳಿಸಲು ಉಪಕರಣ ಒಮ್ಮೆಗೇ ಹತ್ತು ಮಿಲಿಆಂಪಿಯರ್ ಕೇಳಿದಾಗ ಮಾತ್ರ ಒತ್ತಡ ಕುಸಿದು ಚಿಪ್ಪು ಮೂರ್ಛೆ ಹೋಗುತ್ತದೆ. ಆದ್ದರಿಂದ ಹೊರೆ ಹೇರಿಯೇ ಸೆಲ್ಲನ್ನು ಅಳೆಯಬೇಕು. ಜೊತೆಗೊಂದು ಕೆಪಾಸಿಟರ್ ಇಟ್ಟರೆ ಆ ಕ್ಷಣದ ಬೇಡಿಕೆಯನ್ನು ಅದು ಪೂರೈಸುತ್ತದೆ. ಆದರೆ ಅದರ ಸೋರಿಕೆಯೂ ಲೆಕ್ಕಕ್ಕೆ ಸೇರತಕ್ಕದ್ದು. ಸಿದ್ಧ ಕಿಟ್ಟಿನೊಡನೆ ಬರುವ ಪುಸ್ತಿಕೆಯನ್ನು ಓದಿಸಿದ ಮಾತ್ರಕ್ಕೆ ಈ ವಿವೇಚನೆ ಮೂಡದು.

ಒಂದು ಎಚ್ಚರಿಕೆ ಅವಶ್ಯ. ಈ ಸೆಲ್ಲನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೆ ತೀವ್ರವಾದ ಸುಟ್ಟಗಾಯವಾಗಬಲ್ಲದು. ಅಮೆರಿಕೆಯು 2022ರಲ್ಲಿ ಇದಕ್ಕಾಗಿಯೇ ಶಾಸನ ಮಾಡಿತು. ಮುಚ್ಚಳಕ್ಕೆ ಸ್ಕ್ರೂ ಹಾಕದ ಉಪಕರಣವನ್ನು ಕಿರಿಯ ತರಗತಿಗಳಿರುವ ಶಾಲೆಯಲ್ಲಿ ಪ್ರದರ್ಶನಕ್ಕೂ ಇಡಲಾಗದು.

ದಾನಿಗಳು ಮತ್ತು ಹಳೆಯ ವಿದ್ಯಾರ್ಥಿಗಳು ಮುಂದಿನ ಸಲ ದುಬಾರಿ ಕಿಟ್ಟೊಂದನ್ನು ಕೊಡುವ ಬದಲು ಮೈಕ್ರೋಆಂಪಿಯರ್ ತೋರಿಸಬಲ್ಲ ಹತ್ತು ಮಲ್ಟಿಮೀಟರ್‌ಗಳನ್ನೂ ಒಂದು ಪೆಟ್ಟಿಗೆ ಸೆಲ್ಲುಗಳನ್ನೂ ಕೊಡುವುದು ಲೇಸು. ಮಲ್ಟಿಮೀಟರಿನ ಬೆನ್ನ ಮೇಲೆ ದಾನಿಯ ಹೆಸರು ಕೆತ್ತಿಸುವಷ್ಟು ಸ್ಥಳವಿಲ್ಲವೆಂಬುದೇನೋ ನಿಜ. ಆ ಹೆಸರು ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ, ವಿದ್ಯಾರ್ಥಿಗಳು ಸೆಲ್ಲು ಹಾಕಿದ ದಿನಾಂಕವನ್ನೂ ಅಳೆದ ವೋಲ್ಟನ್ನೂ ಬರೆಯುವ ಪುಟದ ತಲೆಯಲ್ಲಿ ಇರಬಹುದು.